ಅಣ್ಣ ಅಲ್ಲಾಡಿಸಿ ನೋಡಿದ ಹಲಗೆ

ಮರಳೂರು

ಶ್ರೀಲಂಕಾದಿಂದ ವಾಪಸು ಬಂದು ಮೂರು ವಾರವಾಯಿತು. ಸಿಟ್ಟು ಇನ್ನೂ ಇಳಿದಿಲ್ಲ. ಇಳಿಯುವ ಮುಂಚೆಯೇ ಬರೆದುಬಿಡುತ್ತೇನೆ. ಇಳಿದ ಮೇಲೆ ಬರೆದರೆ ನಮ್ಮಣ್ಣನನ್ನು ಒಳ್ಳೆಯವನನ್ನಾಗಿ ಮಾಡಿಬಿಡುತ್ತೇನೆ. ಇಷ್ಟು ವರ್ಷ ಅದನ್ನೇ ಮಾಡಿಕೊಂಡು ಬಂದಿದ್ದೇನೆ.

ನನ್ನ ಹೆಸರು ಸರ್ವಮಂಗಳ. ತುಮಕೂರಿನ ಒಂದು ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಣದ ಮೇಡಂ. ಹುಟ್ಟಿದ್ದು ಗುಬ್ಬಿಯ ಹತ್ತಿರ, ಈಗ ಮನೆ ಮರಳೂರಿನಲ್ಲಿ, ವಯಸ್ಸು ಐವತ್ತಮೂರು. ಮದುವೆಯಾಗಿಲ್ಲ, ಅದಕ್ಕೆ ಕಾರಣ ಕೇಳಿದವರಿಗೆಲ್ಲ ಒಂದೊಂದು ಉತ್ತರ ಕೊಟ್ಟಿದ್ದೇನೆ, ಇಲ್ಲಿ ಅದು ಬೇಡ. ಅಣ್ಣ ಗಂಗಣ್ಣ ಗುಬ್ಬಿಯಲ್ಲಿ ತೆಂಗಿನಕಾಯಿ, ಕೊಬ್ಬರಿ ವ್ಯಾಪಾರಿ. ಅಪ್ಪ ತೀರಿಕೊಂಡಾಗ ಅವನಿಗೆ ಇಪ್ಪತ್ತು, ನನಗೆ ಹನ್ನೊಂದು. ಅಂದಿನಿಂದ ನನಗೆ ಬೇಕಾದ್ದನ್ನೆಲ್ಲ ಅವನೇ ಆರಿಸಿದ್ದಾನೆ. ನಾನು ಓದಬೇಕಾದ ಕೋರ್ಸು, ಈ ಮನೆಯ ಸೈಟು, ಅಡುಗೆಮನೆಯ ಸಿಂಕು ಯಾವ ಗೋಡೆಗೆ ಇರಬೇಕು ಅನ್ನುವುದು, ಎಲ್ಲ. ಶಿರಾ ಗೇಟಿನ ಷೋರೂಮಿನಲ್ಲಿ ನಾನು ನೀಲಿ ಸ್ಕೂಟರಿನ ಮೇಲೆ ಕೈ ಇಟ್ಟುಕೊಂಡು ನಿಂತಿದ್ದೆ. ಅವನು ಒಳಗೆ ಹೋಗಿ ಬಿಲ್ಲಿನಲ್ಲಿ ಬೂದು ಬಣ್ಣ ಬರೆಸಿ ಬಂದ. ಧೂಳು ಕಾಣಲ್ಲ ಅಂದ. ಹದಿನಾಲ್ಕು ವರ್ಷ ಆ ಬೂದು ಸ್ಕೂಟರ್ ಓಡಿಸಿದೆ. ದಿನಾ ಧೂಳು ಕಾಣುತ್ತಿತ್ತು.

ಈ ಸಲ ಒಂದೇ ಒಂದು ಹಟ ಹಿಡಿದಿದ್ದೆ. ನೀರಿನ ಮೇಲೆ ಹೋಗುವ ಒಂದು ಹಲಗೆ ಕೊಳ್ಳಬೇಕು. ಅದನ್ನು ನಾನೇ ಆರಿಸಬೇಕು.

ಕುಣಿಗಲ್ ದೊಡ್ಡಕೆರೆ

ಎಂಥ ಹಲಗೆ ಅನ್ನುವುದನ್ನು ಮೊದಲು ಹೇಳಬೇಕು, ಇಲ್ಲದಿದ್ದರೆ ನನ್ನ ಸಿಟ್ಟು ಯಾರಿಗೂ ಅರ್ಥವಾಗುವುದಿಲ್ಲ.

ಐದು ವರ್ಷದ ಹಿಂದೆ ಕರಾವಳಿಯಲ್ಲಿ ನಡೆದ ಶಿಕ್ಷಕರ ಶಿಬಿರವೊಂದರಲ್ಲಿ ಹಲಗೆಯ ಮೇಲೆ ನಿಂತು ಹುಟ್ಟು ಹಾಕುವುದನ್ನು ಕಲಿತೆ. ಆಮೇಲೆ ಗಾಳಿ ತುಂಬುವ ಹಲಗೆಯೊಂದನ್ನು ತರಿಸಿಕೊಂಡು ಭಾನುವಾರ ಬೆಳಿಗ್ಗೆ ಕುಣಿಗಲ್ ಕೆರೆಗೆ ಹೋಗುತ್ತಿದ್ದೆ. ಏರಿಯ ಮೇಲೆ ನಿಂತವರು ಮೀನು ಸಿಕ್ತಾ ಮೇಡಂ ಎಂದು ಕೇಳುತ್ತಿದ್ದರು. ಮೀನಿಗಲ್ಲ, ಸುಮ್ಮನೆ ಹೋಗೋದು ಅಂದರೆ ಅವರಿಗೆ ಪಾಪ ಅನ್ನಿಸುತ್ತಿತ್ತು. ಸುಮ್ಮನೆ ಹೋಗುವ ಹೆಂಗಸನ್ನು ನಮ್ಮ ಕಡೆ ಯಾರೂ ನಂಬುವುದಿಲ್ಲ.

ಆಮೇಲೆ ಮೊಬೈಲಿನಲ್ಲಿ ಇದನ್ನು ನೋಡಿದೆ. ಹಲಗೆಯ ಕೆಳಗೆ ಒಂದು ಕಂಬ, ಕಂಬದ ತುದಿಯಲ್ಲಿ ಎರಡು ರೆಕ್ಕೆ: ಮುಂದೆ ದೊಡ್ಡದು, ಹಿಂದೆ ಚಿಕ್ಕದು. ಇದಕ್ಕೆ ಫಾಯಿಲ್ ಅನ್ನುತ್ತಾರೆ. ಹುಟ್ಟು ಹಾಕಿ ವೇಗ ಬಂದಾಗ ನೀರೊಳಗಿನ ರೆಕ್ಕೆ ಹಲಗೆಯನ್ನು ಮೇಲಕ್ಕೆ ಎತ್ತುತ್ತದೆ. ಹಲಗೆ ನೀರನ್ನು ಮುಟ್ಟದೆ ಹೋಗುತ್ತದೆ. ದೊಡ್ಡ ಅಲೆ ಬೇಕಿಲ್ಲ, ಮೊಣಕಾಲೆತ್ತರದ ಅಲೆ ಸಾಕು. ನನ್ನ ಎಡ ಮಂಡಿ ಕೆಟ್ಟಿದೆ; ಹಲಗೆ ನೀರಿಗೆ ಬಡಿದಾಗಲೆಲ್ಲ ಒಳಗೆ ಚುಚ್ಚುತ್ತದೆ. ಬಡಿಯದೆ ಹೋಗುವ ಹಲಗೆ ಒಂದಿದೆ ಎಂದು ಗೊತ್ತಾದ ಮೇಲೆ ನನಗೆ ಬೇರೇನೂ ತಲೆಗೆ ಹೋಗಲಿಲ್ಲ. ಇನ್ನೂ ಏಳು ವರ್ಷದ ಸರ್ವೀಸಿದೆ. ರಜೆ ಬಂದಾಗಲೆಲ್ಲ ಕುಂದಾಪುರದ ಕಡೆ ಸಣ್ಣ ಅಲೆಗಳಿಗೆ ಹೋಗಬೇಕು, ಮಂಡಿ ಪೂರ್ತಿ ಕೈಕೊಡುವ ಮುಂಚೆ. ಲೆಕ್ಕ ಇಷ್ಟೇ.

ಆದರೆ ಇದು ಪುಸ್ತಕ ತರಿಸಿದಷ್ಟು ಸಲೀಸಲ್ಲ. ಹತ್ತಿ, ಬಿದ್ದು, ನೋಡಿ ಆರಿಸಬೇಕು. ಶಿಬಿರದ ತರಬೇತುದಾರರು ಶ್ರೀಲಂಕಾದ ವೆಲಿಗಾಮ ಅನ್ನುವ ಊರನ್ನು ಹೇಳಿದರು. ಅಲ್ಲಿ ಅಲೆ ಸಣ್ಣದು, ತಳದಲ್ಲಿ ಮರಳು, ದಿಲಾನಿ ಎಂಬ ಹೆಂಗಸು ಹಲಗೆ ಕಲಿಸುತ್ತಾಳೆ, ಮಾರುತ್ತಾಳೆ. ನಾನು ರಜೆ ಹಾಕಿ ಟಿಕೆಟ್ ತೆಗೆಸಿದೆ. ಗುಬ್ಬಿಗೆ ಹೋಗಿ ಅಣ್ಣನಿಗೆ ಹೇಳಿದೆ. ಅದು ನನ್ನ ತಪ್ಪು.

"ಪರದೇಶಕ್ಕೆ ಒಬ್ಳೇ ಹೋಗ್ತೀಯೇನಮ್ಮಿ? ಬುಡು, ನಾನೂ ಬರ್ತೀನಿ" ಅಂದ.

ಎರಡು ದಿನದಲ್ಲಿ ಅವನ ಟಿಕೆಟ್ಟೂ ಬಂತು. ಹೋಗುವುದಾದರೆ ಗಿರಿಜತ್ತಿಗೆಯನ್ನೂ ಕರೆದುಕೊಂಡು ಬಾ ಅಂದೆ. ಅವಳಿಗೆ ಪ್ರಯಾಣ ಅಂದರೆ ಆಗಲ್ಲ ಅಂದ. ಅತ್ತಿಗೆ ಅಲ್ಲೇ ಒಲೆಯ ಮುಂದೆ ನಿಂತಿದ್ದಳು. ಅವಳನ್ನು ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ.

ಕೊಲಂಬೊದಿಂದ ಬಸ್ಸು

ಅಣ್ಣ ಪ್ರವಾಸಕ್ಕೆ ತಂದದ್ದು ಒಂದು ಚೀಲ ಬಟ್ಟೆ, ಎರಡು ಚೀಲ ತಿಂಡಿ. ಹುರಿಗಾಳು, ಚಟ್ನಿಪುಡಿ, ಕೊಬ್ಬರಿ ಮಿಠಾಯಿ. ತೆಂಗಿನ ದೇಶಕ್ಕೆ ಗುಬ್ಬಿಯ ಕೊಬ್ಬರಿ. ಏನು ಹೇಳಲಿ.

ಸಿಂಹಳದ ಅಕ್ಷರಗಳು ನಮ್ಮ ಅಕ್ಷರಗಳ ಹಾಗೆಯೇ ದುಂಡಗಿವೆ. ಅಣ್ಣ ಪ್ರತಿ ಬೋರ್ಡನ್ನೂ ಓದಲು ನೋಡಿದ. ಇನ್ನೇನು ಓದಿಬಿಡುತ್ತಾನೆ ಅನ್ನುವ ಹಾಗೆ ಬಾಯಿ ತೆರೆಯುತ್ತಿದ್ದ, ಬೋರ್ಡು ಹಿಂದಕ್ಕೆ ಹೋಗಿಬಿಡುತ್ತಿತ್ತು. ಬಸ್ಸು ಹತ್ತಿದ ಕೂಡಲೇ ಡ್ರೈವರಿನ ಹಿಂದಿನ ಖಾಲಿ ಸೀಟಿನಲ್ಲಿ ಕೂತು ನನ್ನನ್ನೂ ಕರೆದ. ಎಷ್ಟೊಂದು ಜನ ನಿಂತಿದ್ದರೂ ಆ ಸೀಟು ಯಾಕೆ ಖಾಲಿ ಇದೆ ಎಂದು ನಾನು ಯೋಚಿಸಿದೆ, ಅವನು ಯೋಚಿಸಲಿಲ್ಲ. ಮುಂದಿನ ನಿಲ್ದಾಣದಲ್ಲಿ ಕಾವಿ ಉಟ್ಟ ಬೌದ್ಧ ಭಿಕ್ಷುವೊಬ್ಬರು ಹತ್ತಿದರು. ಇಡೀ ಬಸ್ಸು ನಮ್ಮನ್ನು ನೋಡಿತು. ಆ ಸೀಟು ಅವರಿಗೇ ಮೀಸಲಂತೆ. ಮಠಕ್ಕೆ ವರ್ಷವರ್ಷ ಕಾಯಿ ಕಳಿಸುವ ಅಣ್ಣ ಮುಖ ಕೆಂಪು ಮಾಡಿಕೊಂಡು ಎದ್ದ. ಆಮೇಲೆ ಮೂರು ಗಂಟೆ ನಿಂತೇ ಬಂದೆವು. ಮೊದಲೇ ಹೇಳಬಾರದಿತ್ತಾ ಎಂದು ನನ್ನನ್ನೇ ಬೈದ.

ದಾರಿಯಲ್ಲಿ ಟೀ ಅಂಗಡಿಯಲ್ಲಿ ಕೂತ ತಕ್ಷಣ ಒಂದು ತಟ್ಟೆಯ ತುಂಬ ತಿಂಡಿ ತಂದಿಟ್ಟರು. ಅಲ್ಲಿಯ ರೂಢಿ ಹಾಗೆ: ಬೇಕಾದ್ದು ತಿನ್ನುವುದು, ಉಳಿದದ್ದು ಇನ್ನೊಬ್ಬರ ಮೇಜಿಗೆ ಹೋಗುತ್ತದೆ. ನಮ್ಮ ಪಂಕ್ತಿಯಲ್ಲಿ ಎಲೆಗೆ ಬಿದ್ದದ್ದನ್ನು ಬಿಡಬಾರದು. ಅಣ್ಣ ಬಿಡಬಾರದೆಂದು ಮೊದಲು ಮೂರು ಮೂಲೆಯ ಬನ್ನೊಂದನ್ನು ಕಚ್ಚಿದ. ಒಳಗೆ ಮೀನಿತ್ತು. ಹುಟ್ಟಿದಾಗಿನಿಂದ ಮೊಟ್ಟೆ ಮುಟ್ಟದವನು ಬಾಯಿ ತೊಳೆಯಲು ಓಡಿದ. ನಾನು ನಗಲಿಲ್ಲ, ಮುಖ ಆಚೆ ತಿರುಗಿಸಿಕೊಂಡೆ. ಆ ತನಕ ನನಗೆ ಅವನ ಮೇಲೆ ಇದ್ದದ್ದು ಬರೀ ಕಿರಿಕಿರಿ.

ವೆಲಿಗಾಮ, ಮೊದಲೆರಡು ದಿನ

ದಿಲಾನಿ ಮೀನುಗಾರರ ಮಗಳು. ನಲವತ್ತರ ಆಸುಪಾಸು, ಮಾತು ಕಡಿಮೆ, ಕೂದಲನ್ನು ಬಿಸಿಲು ಸುಟ್ಟಿದೆ. ನಾವು ಹೋದಾಗ ಅಂಗಡಿಯ ಮುಂದೆ ಕೂತು ರೆಕ್ಕೆಗಳ ಸ್ಕ್ರೂಗಳಿಗೆ ಗ್ರೀಸು ಹಚ್ಚುತ್ತಿದ್ದಳು. ಅಣ್ಣನಿಗೆ ಕೈ ಮುಗಿದಳು, ಮಾತಾಡಿದ್ದು ನನ್ನ ಹತ್ತಿರ. ಅದೊಂದಕ್ಕೇ ಅವಳು ನನಗೆ ಇಷ್ಟವಾದಳು.

ತೂಕ ಎಷ್ಟು ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಎಪ್ಪತ್ತೊಂದು ಅಂದೆ. ನಾಲ್ಕು ಜನರೆದುರು ತೂಕ ಹೇಳ್ತಾರೇನೆ, ಅರವತ್ತು ಅನ್ನು ಎಂದು ಅಣ್ಣ ಪಿಸುಗುಟ್ಟಿದ. ಅರವತ್ತು ಅಂದಿದ್ದರೆ ಹಲಗೆ ನನ್ನನ್ನು ಹೊರುತ್ತಿರಲಿಲ್ಲ. ಹಲಗೆ ಎಷ್ಟು ಲೀಟರು ಎಂದು ಅದರ ಮೇಲೇ ಬರೆದಿರುತ್ತದೆ. ಆ ಸಂಖ್ಯೆ ನಮ್ಮ ಕೇಜಿಗಿಂತ ಚೆನ್ನಾಗಿ ಹೆಚ್ಚಿರಬೇಕು, ಹೊಸಬರಿಗಂತೂ ನಿಂತಲ್ಲೇ ತೇಲುವಷ್ಟು ಹೆಚ್ಚಿರಬೇಕು ಎಂದು ದಿಲಾನಿ ವಿವರಿಸಿದಳು. ಅಗಲ ಇರಬೇಕು. ಕಂಬ ತೀರ ಉದ್ದ ಬೇಡ. ಸಣ್ಣ ಅಲೆಗೆ ಮುಂದಿನ ರೆಕ್ಕೆ ದೊಡ್ಡದಿರಬೇಕು, ಆಗ ಸ್ವಲ್ಪ ವೇಗಕ್ಕೇ ಎತ್ತುತ್ತದೆ. ಚಿಕ್ಕ ರೆಕ್ಕೆ ಬಲ್ಲವರಿಗೆ. ಆಮೇಲೆ, ಹಗುರ ಇರಬೇಕು.

ಹಗುರ ಅನ್ನುವ ಮಾತನ್ನು ನಾನು ಅಣ್ಣನಿಗೆ ಕನ್ನಡದಲ್ಲಿ ಹೇಳಿದೆ. ಅವನು ನಕ್ಕ. "ಹಗುರ ಇರೋದು ಜೊಳ್ಳು ಕಣೇ. ಮಾಲು ಅಂದ್ರೆ ಕೈಗೆ ಸಿಗಬೇಕು" ಅಂದ.

ಮೂರು ಹಲಗೆ ಕೊಟ್ಟಳು. ಮೊದಲನೆಯದು ಬಿಳಿ, ಸಪೂರ, ನೋಡಲು ಚೆಂದ. ನಾನು ಅದಕ್ಕೇ ಮನಸೋತಿದ್ದೆ. ಸೊಂಟಮಟ್ಟದ ನೀರಿನಲ್ಲಿ ಹತ್ತಿ ನಿಲ್ಲುವ ಮುಂಚೆಯೇ ಅದು ನನ್ನನ್ನು ಎತ್ತಿ ಬಿಸಾಡಿತು, ಒಂದಲ್ಲ ಹನ್ನೊಂದು ಸಲ. ಎರಡನೆಯದು ಪರವಾಗಿಲ್ಲ. ಮೂರನೆಯದು ಗಿಡ್ಡ, ಅಗಲ, ಸಾಸಿವೆ ಬಣ್ಣ, ನಮ್ಮ ಮನೆಯ ರೊಟ್ಟಿ ತಟ್ಟುವ ಮಣೆಗೆ ಬಾಲ ಬಂದ ಹಾಗಿತ್ತು. ಅದರ ಮೇಲೆ ನಿಂತೆ. ಅದು ನೀರಿನಿಂದ ಮೇಲೆ ಎತ್ತಲಿಲ್ಲ, ಆದರೆ ನಿಂತೆ. ಇದಕ್ಕೆ ಇನ್ನೂ ದೊಡ್ಡ ರೆಕ್ಕೆ ಹಾಕಿ ನೋಡೋಣ, ನಾಳೆ ಹುಣ್ಣಿಮೆ, ಅಂಗಡಿ ತೆಗೆಯಲ್ಲ, ನಾಳಿದ್ದು ಬನ್ನಿ ಅಂದಳು. ಅಲ್ಲಿ ಪ್ರತಿ ಹುಣ್ಣಿಮೆಗೂ ರಜೆ. ಎಲ್ಲರೂ ಬಿಳಿ ಬಟ್ಟೆ ಉಟ್ಟು ಬೌದ್ಧ ವಿಹಾರಕ್ಕೆ ಹೋಗುತ್ತಾರೆ.

ಇಷ್ಟು ಹೊತ್ತೂ ಅಣ್ಣ ದಂಡೆಯಲ್ಲಿ ತೆಂಗಿನಮರಗಳನ್ನು ನೋಡುತ್ತಿದ್ದ. ಆ ಕಡೆ ಕಳ್ಳು ಇಳಿಸುವವರು ಮರದಿಂದ ಮರಕ್ಕೆ ಹಗ್ಗ ಕಟ್ಟಿ ಅದರ ಮೇಲೇ ನಡೆಯುತ್ತಾರೆ. ಅದನ್ನೇ ಕತ್ತೆತ್ತಿ ನೋಡುತ್ತ ನಿಂತಿದ್ದನಂತೆ. ತನ್ನ ತಂಗಿ ಹನ್ನೊಂದು ಸಲ ಬಿದ್ದು ಎದ್ದದ್ದನ್ನು ಅವನು ನೋಡಿರಲಿಲ್ಲ.

ಹುಣ್ಣಿಮೆಯ ದಿನ

ಬೆಳಿಗ್ಗೆ ನಾನು ಮಂಡಿಗೆ ಎಣ್ಣೆ ತಿಕ್ಕಿಕೊಂಡು ರೂಮಿನಲ್ಲೇ ಇದ್ದೆ. ಮಧ್ಯಾಹ್ನ ಹೊರಗೆ ನಮ್ಮೂರಿನ ಕೆಮ್ಮು ಕೇಳಿಸಿತು. ಬಾಗಿಲು ತೆಗೆದರೆ ಅಣ್ಣ. ಟವೆಲನ್ನು ತಲೆಯ ಮೇಲೆ ಸಿಂಬೆ ಸುತ್ತಿ, ಅದರ ಮೇಲೆ ಒಂದು ಕಪ್ಪು ಹಲಗೆ ಹೊತ್ತು ಬಂದಿದ್ದಾನೆ. ಕಂಬ, ರೆಕ್ಕೆಗಳು ಕಂಕುಳಲ್ಲಿ.

ಊರಿಗೆ ಹೊರಟಿದ್ದ ಬಿಳಿಯನೊಬ್ಬ ದಂಡೆಯಲ್ಲಿ ಸಾಮಾನು ಮಾರುತ್ತಿದ್ದನಂತೆ. ಅಣ್ಣ ನಾಲ್ಕು ಹಲಗೆ ಎತ್ತಿ ನೋಡಿ, ಎಲ್ಲಕ್ಕಿಂತ ಭಾರದ್ದನ್ನು ಆರಿಸಿ, ದುಡ್ಡು ಕೊಟ್ಟು ಮುಗಿಸಿಬಿಟ್ಟಿದ್ದ. ನಿನ್ನ ದುಡ್ಡು ನಿನ್ನ ಹತ್ರಾನೇ ಇರ್ಲಿ, ಇದು ನಾನು ಕೊಡಿಸಿದ್ದು ಅಂದ. ಅದನ್ನು ಕೇಳಿ ನನಗೆ ಮೈಯೆಲ್ಲ ಉರಿಯಿತು. ಕೊಟ್ಟವನ ಮೇಲೆ ಸಿಟ್ಟು ಮಾಡುವ ಹಾಗೂ ಇಲ್ಲವಲ್ಲ.

"ಬಾ ಇಲ್ಲಿ, ಕೇಳು" ಎಂದು ಹಲಗೆಯನ್ನು ನನ್ನ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ. ಒಳಗೆ ಎಲ್ಲೋ ಸಣ್ಣಗೆ ಗುಳುಕ್ ಅಂತು. "ಕೇಳ್ತಾ? ನೀರೈತೆ. ಒಳ್ಳೆ ಮಾಲು ಕಣಮ್ಮಿ, ಬಲಿತೈತೆ."

ಈಗ ನನ್ನ ಬಗ್ಗೆ ಒಂದು ಮಾತು ಹೇಳಬೇಕು, ಅಣ್ಣನನ್ನೊಬ್ಬನನ್ನೇ ಬೈದರೆ ಸುಳ್ಳಾಗುತ್ತದೆ. ನಾನೂ ಆ ಹಲಗೆ ಎತ್ತಿದೆ. ಭಾರವಾಗಿತ್ತು, ಮತ್ತು ನನ್ನ ಕೈಗೂ ಅದು ಒಳ್ಳೆಯದೆನ್ನಿಸಿತು. ಕಾಯಿಯ ಮನೆಯಲ್ಲಿ ಬೆಳೆದವಳು ನಾನು. ಕಾಯಿ ಎತ್ತಿದರೆ ತೂಗಬೇಕು, ಅಲ್ಲಾಡಿಸಿದರೆ ಒಳಗೆ ನೀರು ಆಡಬೇಕು, ಆಡದಿದ್ದರೆ ಕೆಟ್ಟಿದೆ ಅಂತ. ಓದು ಬರುವ ಮುಂಚೆ ಕಲಿತ ಪಾಠ ಅದು. ಹಿಂದಿನ ದಿನ ದಿಲಾನಿ ಹಗುರ ಇರಬೇಕು ಎಂದು ಹೇಳಿದ್ದು ನೆನಪಿತ್ತು. ಆದರೂ ಹೂಂ ಅಂದೆ. ಹೂಂ ಅಂದ ನನ್ನ ಬಾಯಿಯ ಮೇಲೂ ನನಗೆ ಇವತ್ತಿನ ತನಕ ಸಿಟ್ಟಿದೆ.

ನಾಲ್ಕನೆಯ ದಿನ

ಕಪ್ಪು ಹಲಗೆಯನ್ನು ನೀರಿಗಿಳಿಸಿದೆ. ಹತ್ತಿ ಮಂಡಿಯೂರಿದರೆ ಹಿಂಭಾಗ ಮುಳುಗಿತು. ಮುಂದಕ್ಕೆ ಸರಿದರೆ ಒಳಗಿನ ನೀರೂ ಮುಂದಕ್ಕೆ ಬಂದು ಮೂತಿ ಮುಳುಗಿತು. ನಿಲ್ಲುವುದಿರಲಿ, ಅದರ ಮೇಲೆ ನೆಟ್ಟಗೆ ಕೂರಲೂ ಆಗಲಿಲ್ಲ. ಒಂದು ಸಲ ಅದು ಪಕ್ಕಕ್ಕೆ ಮಗುಚಿ ರೆಕ್ಕೆಯ ಅಂಚು ದಿಲಾನಿ ನನಗೆ ತೊಡಿಸಿದ್ದ ಹೆಲ್ಮೆಟ್ಟಿಗೆ ಬಡಿಯಿತು. ಹೆಲ್ಮೆಟ್ ಇಲ್ಲದಿದ್ದರೆ ಇದನ್ನು ಬರೆಯಲು ನಾನಿರುತ್ತಿರಲಿಲ್ಲ.

ದಿಲಾನಿ ಈಜಿಕೊಂಡು ಬಂದು ಹಲಗೆಯನ್ನು ದಡಕ್ಕೆ ಎಳೆದಳು. ಎತ್ತಿದ ಕೂಡಲೇ ಅವಳ ಹುಬ್ಬು ಗಂಟಾಯಿತು. ಬೆರಳ ಗೆಣ್ಣಿನಿಂದ ಉದ್ದಕ್ಕೂ ತಟ್ಟುತ್ತ ಹೋಗಿ, ಕಂಬ ಸಿಕ್ಕಿಸುವ ಜಾಗದಲ್ಲಿ ನಿಲ್ಲಿಸಿದಳು. ಅಲ್ಲಿ ಕೂದಲೆಳೆಯಷ್ಟು ಬಿರುಕು, ಮೇಲೆ ಕಪ್ಪು ಬಣ್ಣ ಬಳಿದಿದ್ದಾರೆ. ಗಾಳಿಯಾಡುವ ಸ್ಕ್ರೂ ಬಿಚ್ಚಿ ಹಲಗೆಯನ್ನು ಓರೆ ಮಾಡಿದಳು. ನೀರು ಸುರಿಯತೊಡಗಿತು. ಸುರಿಯಿತು, ಸುರಿಯಿತು, ನಿಲ್ಲಲೇ ಇಲ್ಲ. ಒಳಗಿನ ಫೋಮು ಎಷ್ಟೋ ತಿಂಗಳಿಂದ ಸಮುದ್ರ ಕುಡಿದು ಊದಿಕೊಂಡಿದೆ, ಇದು ಇನ್ನು ರಿಪೇರಿಯಾಗುವುದಿಲ್ಲ ಅಂದಳು. ಮಾರಿದವನು ಅಷ್ಟು ಹೊತ್ತಿಗೆ ವಿಮಾನದಲ್ಲಿದ್ದ.

ಅಣ್ಣ ಬಗ್ಗಿ ಬೆರಳಿಗೆ ಆ ನೀರು ಮುಟ್ಟಿಸಿ ನಾಲಿಗೆಗೆ ಇಟ್ಟುಕೊಂಡ. ಉಪ್ಪು ಅಂದ.

ಅಲ್ಲಿಗೆ ನನ್ನ ತಾಳ್ಮೆ ಮುಗಿಯಿತು. ಮೈದಾನದಲ್ಲಿ ಮುನ್ನೂರು ಮಕ್ಕಳಿಗೆ ಕೇಳಿಸುವ ಗಂಟಲು ನನ್ನದು. ನೆತ್ತಿಯ ಗಾಯ ತಪ್ಪಿದ್ದನ್ನು ಹೇಳಿದೆ, ಸ್ಕೂಟರನ್ನು ಹೇಳಿದೆ, ಸಿಂಕನ್ನು ಹೇಳಿದೆ, ನಾನು ಕೋಚ್ ಆಗಬೇಕೆಂದು ತರಿಸಿದ್ದ ಅರ್ಜಿಯನ್ನು ಅವನು ನನಗೆ ಹೇಳದೆ ಹರಿದು ಹಾಕಿದ್ದನ್ನು ಹೇಳಿದೆ. ಅದನ್ನು ಮೂವತ್ತೆರಡು ವರ್ಷ ಯಾರಿಗೂ ಹೇಳಿರಲಿಲ್ಲ. ದಂಡೆಯ ಮೇಲಿನ ಜನ ನಿಂತು ನೋಡಿದರು. ಭಾಷೆ ತಿಳಿಯದಿದ್ದರೂ ಅವರಿಗೆ ಎಲ್ಲ ತಿಳಿಯಿತು ಅನ್ನಿಸುತ್ತದೆ.

"ನನ್ನ ಕೇಳಿದ್ಯಾ? ಒಂದ್ ಸಲನಾದ್ರೂ ನಿಂಗೇನ್ ಬೇಕು ಮಂಗಳ ಅಂತ ಕೇಳಿದ್ಯಾ?"

"ಕೇಳೋದೇನೈತೆ? ನಿಂಗೆ ಒಳ್ಳೇದ್ ಬೇಕು. ನಾನ್ ಒಳ್ಳೇದ್ ನೋಡಿ ತಂದೆ" ಅಂದ.

ಅವನು ಅದನ್ನು ನಿಜವಾಗಿಯೂ ನಂಬಿದ್ದ. ಸಿಟ್ಟು ಇನ್ನೂ ಜಾಸ್ತಿಯಾದದ್ದು ಅದಕ್ಕೆ. ಮೋಸ ಮಾಡುವವನ ಹತ್ತಿರ ಜಗಳವಾಡಿ ಗೆಲ್ಲಬಹುದು, ಇವನ ಹತ್ತಿರ ಹೇಗೆ ಗೆಲ್ಲುವುದು? ಅವನು ಹೋಗಿ ತೆಂಗಿನಮರದ ನೆರಳಲ್ಲಿ ಕೂತ. ಊಟಕ್ಕೂ ಬರಲಿಲ್ಲ. ಅರವತ್ತೆರಡು ವರ್ಷದ ಗಂಡಸು ಚಪ್ಪಲಿ ಪಕ್ಕಕ್ಕಿಟ್ಟು, ತಲೆ ತಗ್ಗಿಸಿ ಮರಳು ಗೀರುತ್ತಿದ್ದುದನ್ನು ಕಂಡು ನನಗೆ ಪಾಪ ಅನ್ನಿಸತೊಡಗಿತು. ಹಾಗೆ ಅನ್ನಿಸಿದ್ದಕ್ಕೆ ಮತ್ತೆ ರೇಗಿತು. ಕರೆಯಲು ಹೋಗಲಿಲ್ಲ.

ಕೊನೆಯ ದಿನ

ಬೆಳಿಗ್ಗೆ ಏಳಕ್ಕೆ ನಾನೊಬ್ಬಳೇ ದಂಡೆಗೆ ಹೋದೆ. ಸಾಸಿವೆ ಬಣ್ಣದ ಹಲಗೆಗೆ ದಿಲಾನಿ ದೊಡ್ಡ ರೆಕ್ಕೆ ಹಾಕಿಟ್ಟಿದ್ದಳು. ಎರಡನೆಯ ಹಲಗೆಯನ್ನೂ ತರಿಸಿ, ಅದಕ್ಕೂ ಅದೇ ರೆಕ್ಕೆ ಹಾಕಿಸಿ, ಎರಡನ್ನೂ ಸರದಿಯ ಮೇಲೆ ಹತ್ತಿ ನೋಡಿದೆ. ಯಾವುದು ಎಂದು ಅವಳನ್ನು ಕೇಳಿದೆ. ನಿಮ್ಮ ಕಾಲಿಗೆ ಏನನ್ನಿಸಿತು ಎಂದು ಅವಳು ನನ್ನನ್ನೇ ಕೇಳಿದಳು. ಅಂಥ ಪ್ರಶ್ನೆಗೆ ಉತ್ತರ ಹೇಳಿ ಅಭ್ಯಾಸವಿಲ್ಲದೆ ಎರಡನ್ನೂ ಇನ್ನೊಂದೊಂದು ಸಲ ಹತ್ತಿ ಇಳಿದೆ. ಕಡೆಗೆ ಸಾಸಿವೆಯದು ಅಂದೆ. ಕಾರಣವನ್ನೂ ಹೇಳಿದೆ: ಎರಡನೆಯದರ ಮೇಲೆ ನಾನು ಕಾಲು ನೋಡುತ್ತೇನೆ, ಇದರ ಮೇಲೆ ಅಲೆ ನೋಡುತ್ತೇನೆ.

ಆಮೇಲೆ ಒಂದು ಅಲೆ ಬಂತು. ಮೊಣಕಾಲಿಗಿಂತ ಗಿಡ್ಡ, ಸೋಮಾರಿ ಅಲೆ. ನಾಲ್ಕು ಹುಟ್ಟು ಜೋರಾಗಿ ಹಾಕಿದೆ. ಹಲಗೆಯ ಕೆಳಗಿನ ಚಟಪಟ ಸದ್ದು ಇದ್ದಕ್ಕಿದ್ದಂತೆ ನಿಂತುಹೋಯಿತು. ಮಂಡಿ ಚುಚ್ಚಲಿಲ್ಲ. ಏನೂ ಬಡಿಯುತ್ತಿರಲಿಲ್ಲ. ನಾನು ನೀರಿಗಿಂತ ಒಂದು ಗೇಣು ಮೇಲಿದ್ದೆ. ಆರು ಎಣಿಸುವಷ್ಟು ಹೊತ್ತು ಹೋಗಿ, ಹೆದರಿ, ಬಿದ್ದೆ. ಉಪ್ಪುನೀರು ಕುಡಿದು ಮೇಲೆ ಬಂದಾಗ ಅಳುತ್ತಿದ್ದೆ. ಸಂತೋಷವಾಗಿತ್ತು, ಅದನ್ನು ಬೇರೆ ಮಾತಿನಲ್ಲಿ ಹೇಳಲು ಬರುವುದಿಲ್ಲ.

ಹಲಗೆಯನ್ನು ಕಂಕುಳಲ್ಲಿ ಇರುಕಿಕೊಂಡು ದಡಕ್ಕೆ ಬಂದರೆ ಅಣ್ಣ ಅಲ್ಲಿ ನಿಂತಿದ್ದ. ಯಾವಾಗ ಬಂದನೋ. ಫೋನನ್ನು ಎದುರಿಗೆ ಹಿಡಿದು ಗುಬ್ಬಿಗೆ ವಿಡಿಯೋ ಕಾಲ್ ಮಾಡಿದ್ದ. ನನ್ನನ್ನು ತೋರಿಸುತ್ತಿದ್ದಾನೆ, ಮುಖದಲ್ಲಿ ಹೆಮ್ಮೆ ಉಕ್ಕುತ್ತಿದೆ. ಹತ್ತಿರ ಬಂದಾಗ ಮಾತು ಕೇಳಿಸಿತು. "ನೋಡ್ದ್ಯಾ, ಹೆಂಗ್ ಹೋಯ್ತು? ನಾನೇ ನೋಡಿ ಕೊಡಿಸ್ದೆ ಕಣೆ."

ಹಿಂದಿನ ದಿನ ಕೂಗಾಡಿದ್ದೆ. ಈಗ ಕೂಗಲಿಲ್ಲ. ಹಲಗೆಯನ್ನು ಮರಳಿನ ಮೇಲಿಟ್ಟು, ಒದ್ದೆ ಕೈಯಲ್ಲೇ ಅವನ ಕೈಯಿಂದ ಫೋನು ತೆಗೆದುಕೊಂಡೆ. ಪರದೆಯ ಮೇಲೆ ಗಿರಿಜತ್ತಿಗೆ ಒಬ್ಬಳೇ ಇದ್ದಳು, ಹಿಂದೆ ಒಲೆ.

"ಅತ್ತಿಗೆ, ಇದನ್ನ ಆರಿಸಿದ್ದು ನಾನು. ಅಣ್ಣ ಆರಿಸಿದ್ದು ಅಗೋ ಆ ಮರದ ಕೆಳಗೆ ಬಿದ್ದೈತೆ" ಎಂದು ಫೋನು ತಿರುಗಿಸಿ ಕಪ್ಪು ಹಲಗೆಯನ್ನು ತೋರಿಸಿದೆ.

ಅಣ್ಣ ಏನೋ ಹೇಳಲು ಬಾಯಿ ತೆರೆದ. ಈ ಮೂವತ್ತು ವರ್ಷದಲ್ಲಿ ಅವನು ಬಾಯಿ ತೆರೆದಾಗ ಅತ್ತಿಗೆ ಮಾತಾಡಿದ್ದನ್ನು ನಾನು ನೋಡಿಲ್ಲ.

"ನೀವು ಸುಮ್ಕಿರಿ" ಅಂದಳು ಅವನಿಗೆ. ಆಮೇಲೆ ಫೋನಿಗೆ ಮುಖ ಹತ್ತಿರ ತಂದು, "ಹೆಂಗಾರಿಸ್ದೆ ಮಂಗಳ? ನಿಧಾನಕ್ಕೆ ಹೇಳು, ನಾನ್ ಕೇಳ್ತೀನಿ" ಅಂದಳು.

ಹೇಳುವುದು ಬಹಳ ಇತ್ತು. ನನ್ನ ಕೈ ಒದ್ದೆ, ಫೋನು ಜಾರುತ್ತಿತ್ತು. ಅಣ್ಣನ ಕೈಗೆ ಅದನ್ನು ವಾಪಸು ಕೊಟ್ಟು, ನೆಟ್ಟಗೆ ಹಿಡಿದುಕೊ, ಅಲ್ಲಾಡಿಸಬೇಡ ಅಂದೆ. ಹಿಡಿದುಕೊಂಡ.